ಥರ್ಮೋಸ್ಟಾಟ್ ಕಿತ್ತು ಹಾಕಿದ ಮೇಲೂ ಘಾಟಿನಲ್ಲಿ ಗಾಡಿ ಕುದಿಯುವುದೇಕೆ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮೂರು ವರ್ಷಗಳ ಹಿಂದೆ 2001ರ ಮಾದರಿಯ ಟೆಂಪೊ ಟ್ರಾವೆಲರ್ ಗಾಡಿಯೊಂದನ್ನು ಕೊಂಡು, ಒಳಗೆ ಮಲಗಲು ಎರಡು ಹಲಗೆ, ಅಡುಗೆ ಕಟ್ಟೆ ಮತ್ತು 100 ಲೀಟರಿನ ನೀರಿನ ಟಾಕಿ ಕೂಡಿಸಿಕೊಂಡಿದ್ದೇವೆ. ಎಂಜಿನ್ 2.4 ಲೀಟರ್ ಡೀಸೆಲ್. ಯಲ್ಲಾಪುರ ದಾಟಿ ಅಂಕೋಲಾಕ್ಕೆ ಇಳಿಯುವಾಗ ಏನೂ ತೊಂದರೆಯಿಲ್ಲ. ಮರಳಿ ಬರುತ್ತ ಅರಬೈಲ್ ಘಾಟ್ ಏರುವಾಗ ಮಾತ್ರ ಹೀಟ್ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ಕಳೆದ ವರ್ಷ ಗ್ಯಾರೇಜಿನವರು ಥರ್ಮೋಸ್ಟಾಟ್ ತೆಗೆದರು. ಅಂದಿನಿಂದ ಬೆಳಗಿನ ಹೊತ್ತು ಎಷ್ಟು ಓಡಿಸಿದರೂ ಮುಳ್ಳು ಮೇಲೇಳುವುದಿಲ್ಲ. ಘಾಟಿನಲ್ಲಿ ಕುದಿಯುವುದು ಮಾತ್ರ ನಿಂತಿಲ್ಲ. ಒಬ್ಬರು ರೇಡಿಯೇಟರ್ ಬದಲಿಸಿ ಅನ್ನುತ್ತಾರೆ, ಇನ್ನೊಬ್ಬರು ವಾಟರ್ ಪಂಪ್, ಮತ್ತೊಬ್ಬರು ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಬ್ಲಾಕಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್‌ಗೂ ನಡುವಿನ ತೆಳು ಪದರ. ಮನೆಯ ಬೋರಿನ ನೀರನ್ನೇ ಹಾಕುತ್ತ ಬಂದಿದ್ದೇವೆ. ಯಾವುದರಿಂದ ಆರಂಭಿಸಲಿ?
— ಓದುಗರು, ಬೆಟಗೇರಿ, ಗದಗ

ಉತ್ತರ: ಮಾಸ್ತರರೇ, ಉತ್ತರದ ಅರ್ಧ ಭಾಗ ನಿಮ್ಮ ಪತ್ರದಲ್ಲಿಯೇ ಇದೆ. ಬೆಳಿಗ್ಗೆ ಬಿಸಿಯಾಗದಿರುವುದು ಮತ್ತು ಘಾಟಿನಲ್ಲಿ ಕುದಿಯುವುದು ಒಂದಕ್ಕೊಂದು ವಿರುದ್ಧವಾದ ದೋಷಗಳಂತೆ ಕಂಡರೂ, ಥರ್ಮೋಸ್ಟಾಟ್ ಇಲ್ಲದಿದ್ದರೆ ಇವೆರಡೂ ಒಂದೇ ಗಾಡಿಯಲ್ಲಿ ಕಾಣಿಸಿಕೊಳ್ಳುತ್ತವೆ. ನೀವು ಮೊದಲು ಕೊಳ್ಳಬೇಕಾದದ್ದು ತೆಗೆದು ಬಿಸಾಡಿದ ಆ ಸಣ್ಣ ಭಾಗವನ್ನು. ಆದರೆ ಅದನ್ನು ತೆಗೆಯುವ ಮುಂಚೆಯೂ ಗಾಡಿ ಕುದಿಯುತ್ತಿತ್ತು ಎಂದಿದ್ದೀರಿ. ಮೂಲ ಕಾರಣ ಬೇರೆಯೇ ಇದೆ, ಅದರ ಗುಮಾನಿ ನನಗೆ ನಿಮ್ಮ ಬೋರಿನ ನೀರಿನ ಮೇಲಿದೆ.

ಥರ್ಮೋಸ್ಟಾಟ್ ಎಂದರೆ ನೀರಿಗೆ ಅಡ್ಡ ನಿಂತ ಬಾಗಿಲು, ತೆಗೆದರೆ ನೀರು ಸರಾಗವಾಗಿ ಹರಿಯುತ್ತದೆ ಎಂಬ ತಿಳಿವಳಿಕೆ ನಮ್ಮ ಕಡೆಯ ಬಹಳಷ್ಟು ಗ್ಯಾರೇಜುಗಳಲ್ಲಿ ಬೇರೂರಿದೆ. ನಿಮ್ಮ ಗಾಡಿಯಲ್ಲಿರುವುದು ಮರ್ಸಿಡಿಸ್ ಮೂಲದ ಓಎಂ616 ಸಾಲಿನ, 2,399 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್. ಇದರ ಥರ್ಮೋಸ್ಟಾಟ್‌ಗೆ ಒಂದಲ್ಲ, ಎರಡು ತಟ್ಟೆಗಳಿವೆ. ಎಂಜಿನ್ ತಣ್ಣಗಿರುವಾಗ ದೊಡ್ಡ ತಟ್ಟೆ ರೇಡಿಯೇಟರಿನ ದಾರಿಯನ್ನು ಮುಚ್ಚಿರುತ್ತದೆ. ನೀರು ಬೈಪಾಸ್ ದಾರಿಯಿಂದ ಪಂಪಿಗೆ ಮರಳಿ ಎಂಜಿನ್ನಿನೊಳಗೇ ಸುತ್ತುತ್ತ ಬೇಗ ಕಾಯುತ್ತದೆ. ನೀರಿನ ಉಷ್ಣತೆ ಸುಮಾರು 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಒಳಗಿನ ಮೇಣ ಕರಗಿ, ಹಿಗ್ಗಿ, ದೊಡ್ಡ ತಟ್ಟೆಯನ್ನು ತೆರೆಯುತ್ತದೆ. ಅದೇ ಚಲನೆಯಲ್ಲಿ ಇನ್ನೊಂದು ತುದಿಯ ಸಣ್ಣ ತಟ್ಟೆ ಬೈಪಾಸಿನ ಬಾಯಿಯನ್ನು ಮುಚ್ಚುತ್ತದೆ. ಈಗ ಇಡೀ ಭಾಗವನ್ನೇ ಕಿತ್ತು ಹಾಕಿದರೆ ಏನಾಗುತ್ತದೆ ನೋಡಿ. ರೇಡಿಯೇಟರಿನ ದಾರಿ ಸದಾ ತೆರೆದಿರುವುದರಿಂದ ಚಳಿಯ ಮುಂಜಾವಿನಲ್ಲಿ ಎಂಜಿನ್ ಕಾಯುವುದೇ ಇಲ್ಲ. ಬೈಪಾಸ್ ಕೂಡ ಸದಾ ತೆರೆದಿರುವುದರಿಂದ, ಘಾಟಿನಲ್ಲಿ ಪ್ರತಿಯೊಂದು ಲೀಟರ್ ನೀರೂ ರೇಡಿಯೇಟರಿಗೆ ಹೋಗಬೇಕಾದ ಹೊತ್ತಿನಲ್ಲಿ ಒಂದಷ್ಟು ಕುದಿನೀರು ತಣಿಯದೆಯೇ ಪಂಪಿಗೆ ಮರಳುತ್ತದೆ. ತಣ್ಣಗೆ ಓಡುವ ಎಂಜಿನ್ ಡೀಸೆಲನ್ನೂ ಹೆಚ್ಚು ಕುಡಿಯುತ್ತದೆ, ಸಿಲಿಂಡರುಗಳೂ ಬೇಗ ಸವೆಯುತ್ತವೆ. ಆದ್ದರಿಂದ ಇದನ್ನು ತೆಗೆಯುವುದು ಯಾವ ಲೆಕ್ಕದಲ್ಲಿಯೂ ಉಪಾಯವಲ್ಲ ಎಂದು ನಾನು ಒತ್ತಿ ಹೇಳುತ್ತೇನೆ.

ಹೊಸ ಥರ್ಮೋಸ್ಟಾಟ್ ತಂದ ಮೇಲೆ ಕೂಡಿಸುವ ಮುಂಚೆ ಅಡುಗೆಮನೆಯಲ್ಲಿಯೇ ಪರೀಕ್ಷಿಸಿ. ಬೋಗುಣಿಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ದಾರದಿಂದ ಇಳಿಬಿಟ್ಟು ತಳ ಮುಟ್ಟದಂತೆ ಹಿಡಿದು, ಪಕ್ಕದಲ್ಲಿ ಹಾಲಿನ ಥರ್ಮಾಮೀಟರ್ ಇಟ್ಟು ಸಣ್ಣ ಉರಿಯಲ್ಲಿ ಕಾಯಿಸಿ. ಮೈಮೇಲೆ ಅಚ್ಚೊತ್ತಿದ ಅಂಕಿಯ ಆಸುಪಾಸಿನಲ್ಲಿ ತಟ್ಟೆ ಕೂದಲೆಳೆಯಷ್ಟು ಸರಿಯುತ್ತದೆ, ಒಳಗಿನ ಹಿತ್ತಾಳೆ ಹೊಳೆದು ಕಾಣುತ್ತದೆ. ನೀರು ಕುದಿಯುವ ಹೊತ್ತಿಗೆ ಬೆರಳ ತುದಿ ತೂರುವಷ್ಟು ತೆರೆದಿರಬೇಕು. ನಮ್ಮ ಭಾಗ ಸಮುದ್ರಮಟ್ಟಕ್ಕಿಂತ ಸುಮಾರು 650 ಮೀಟರ್ ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಥರ್ಮಾಮೀಟರ್ 100 ತೋರಿಸಲಿಲ್ಲವೆಂದು ಅದನ್ನು ದೂರಬೇಡಿ. ಕೂಡಿಸುವಾಗ ತಟ್ಟೆಯಲ್ಲಿ ಗಾಳಿ ಹೋಗಲು ಸಣ್ಣ ರಂಧ್ರವಿದ್ದರೆ ಅದು ಮೇಲ್ಭಾಗಕ್ಕೆ ಬರಬೇಕು.

ಇನ್ನು ನೀರಿನ ಮಾತು. ಸವಳು ನೀರು ಕಾಯಿಸಿದ ಹಂಡೆಯ ತಳದಲ್ಲಿ ಬಿಳಿ ಸುಣ್ಣ ಕಟ್ಟುವುದನ್ನು ನೀವು ಮನೆಯಲ್ಲಿ ಕಂಡಿದ್ದೀರಿ. ಅದೇ ಸುಣ್ಣ ಎಂಜಿನ್ನಿನ ಹೆಡ್‌ನಲ್ಲಿ, ಸಿಲಿಂಡರಿನ ಸುತ್ತ, ರೇಡಿಯೇಟರಿನ ತೆಳು ಕೊಳವೆಗಳಲ್ಲಿ ಕಟ್ಟುತ್ತದೆ. ಎರಕದ ಕಬ್ಬಿಣಕ್ಕೆ ಹೋಲಿಸಿದರೆ ಈ ಪೊರೆ ಶಾಖವನ್ನು ದಾಟಿಸುವುದು ಬಹಳ ಕಡಿಮೆ. ಸಾದಾ ನೀರಿನಲ್ಲಿ ತುಕ್ಕು ತಡೆಯುವ ರಾಸಾಯನಿಕವೂ ಇಲ್ಲದ ಕಾರಣ ಕಬ್ಬಿಣದ ಒಳಮೈ ತುಕ್ಕು ಹಿಡಿದು, ಆ ಪುಡಿ ಕೆಳಗಿಳಿದು ರೇಡಿಯೇಟರಿನ ತಳಭಾಗದಲ್ಲಿ ಕೆಂಪು ಕೆಸರಾಗಿ ನಿಲ್ಲುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಉಳಿದ ಕೊಳವೆಗಳೇ ಸಾಕಾಗುತ್ತವೆ. ಘಾಟಿನಲ್ಲಿ ಸಾಕಾಗುವುದಿಲ್ಲ. ನಿಮ್ಮ ಗಾಡಿಯಲ್ಲಿ ಕಟ್ಟೆ, ಹಲಗೆಗಳ ಜೊತೆ 100 ಕಿಲೋ ತೂಕದ ನೀರೂ ಇರುವುದನ್ನು ಮರೆಯಬೇಡಿ. ಅರಬೈಲ್ ಏರುವ ಮುಂಚೆ ಆ ಟಾಕಿಯನ್ನು ಖಾಲಿ ಮಾಡಿಕೊಂಡರೂ ಎಂಜಿನ್ನಿಗೆ ಅಷ್ಟು ಹಗುರ.

ಹಣ ಖರ್ಚು ಮಾಡುವ ಮುಂಚೆ ಹೆಡ್ ಗ್ಯಾಸ್ಕೆಟ್ ಸರಿಯಿದೆಯೇ ಎಂದು ಖಚಿತ ಮಾಡಿಕೊಳ್ಳಿ, ಏಕೆಂದರೆ ಅದು ಹೋಗಿದ್ದರೆ ಉಳಿದ ಹೊಸ ಭಾಗಗಳೆಲ್ಲ ವ್ಯರ್ಥ. ಬೆಳಿಗ್ಗೆ ಪೂರ್ತಿ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದು, ಕುತ್ತಿಗೆಯವರೆಗೆ ನೀರು ತುಂಬಿ, ಚಾಲೂ ಮಾಡಿಸಿ ಎಕ್ಸಲೇಟರ್ ಒತ್ತಿಸಿ ನೋಡಿ. ಮೊದಲು ಒಂದೆರಡು ಗುಳ್ಳೆ ಬಂದು ನಿಂತರೆ ಚಿಂತೆಯಿಲ್ಲ. ಸೋಡಾ ಬಾಟಲಿಯಂತೆ ಗುಳ್ಳೆ ಬರುತ್ತಲೇ ಇದ್ದರೆ, ಅಥವಾ ಮುಚ್ಚಳ ಹಾಕಿದಾಗ ಎಂಜಿನ್ ಕಾಯುವ ಮುಂಚೆಯೇ ಮೇಲಿನ ಹೋಸ್ ಪೈಪ್ ಕಲ್ಲಿನಂತೆ ಗಟ್ಟಿಯಾದರೆ, ಸಿಲಿಂಡರಿನ ಹೊಗೆ ನೀರಿಗೆ ಸೇರುತ್ತಿದೆ ಎಂದರ್ಥ. ಎಂಜಿನ್ ಆಯಿಲ್ ಮಜ್ಜಿಗೆ ಕಲಸಿದಂತೆ ಬೆಳ್ಳಗಾಗಿದ್ದರೂ ಅನುಮಾನ ಅದೇ. ಈ ಲಕ್ಷಣಗಳಿಲ್ಲದಿದ್ದರೆ ಹೆಡ್ ಬಿಚ್ಚಲು ಯಾರಿಗೂ ಒಪ್ಪಿಗೆ ಕೊಡಬೇಡಿ.

ಆಮೇಲೆ ಗಾಳಿಯ ದಾರಿ. ನಮ್ಮ ಜಿಲ್ಲೆಗಳಲ್ಲಿ ಸುಗ್ಗಿಯ ಕಾಲಕ್ಕೆ ರಸ್ತೆಯ ಮೇಲೆಯೇ ಹುರುಳಿ, ತೊಗರಿ, ಹೆಸರು ಹರಡಿ ಗಾಡಿಗಳಿಂದ ತುಳಿಸುತ್ತಾರೆ. ಆ ಹೊಟ್ಟು ಎದ್ದು ರೇಡಿಯೇಟರಿನ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಮಳೆಗಾಲದ ಎರೆಮಣ್ಣಿನ ರಾಡಿ ಅದರ ಮೇಲೆ ಕೂತು ಒಣಗಿದರೆ ಗಿಲಾವು ಮಾಡಿದ ಹಾಗೆ ಆಗುತ್ತದೆ. ರಾತ್ರಿ ಒಂದು ಬದಿಗೆ ಬ್ಯಾಟರಿ ಹಿಡಿದು ಇನ್ನೊಂದು ಬದಿಯಿಂದ ನೋಡಿ: ಎಲ್ಲೆಲ್ಲಿ ಬೆಳಕು ತೂರುವುದಿಲ್ಲವೋ ಅಲ್ಲೆಲ್ಲ ಗಾಳಿಯೂ ತೂರುವುದಿಲ್ಲ. ಎಂಜಿನ್ ಕಡೆಯಿಂದ ಮುಂದಕ್ಕೆ, ಮೆದುವಾದ ಒತ್ತಡದ ನೀರಿನಿಂದ ತೊಳೆಯಿರಿ. ಜೋರಾಗಿ ಹೊಡೆದರೆ ಜಾಲರಿಯ ಎಲೆಗಳು ಮಡಚಿಕೊಳ್ಳುತ್ತವೆ. ಫ್ಯಾನಿನ ಸುತ್ತಲಿನ ಕವಚವನ್ನು ಹಿಂದೆ ಯಾರಾದರೂ ಬಿಚ್ಚಿ ಮರಳಿ ಹಾಕದೆ ಬಿಟ್ಟಿದ್ದಾರೆಯೇ ಎಂದೂ ನೋಡಿ. ಅದಿಲ್ಲದಿದ್ದರೆ ಫ್ಯಾನ್ ತನ್ನ ಸುತ್ತಲಿನ ಬಿಸಿಗಾಳಿಯನ್ನೇ ತಿರುವುತ್ತದೆ, ರೇಡಿಯೇಟರಿನ ಮೂಲಕ ಎಳೆಯುವುದು ಸ್ವಲ್ಪವೇ.

ಇಷ್ಟಾದ ಮೇಲೆ ಭಾಗಗಳ ಬದಲಾವಣೆ. ವಾಟರ್ ಪಂಪು, ಥರ್ಮೋಸ್ಟಾಟ್, ಎಲ್ಲ ಹೋಸ್ ಪೈಪುಗಳು, ಅವುಗಳ ಕ್ಲಿಪ್ಪುಗಳು, ಫ್ಯಾನ್ ಬೆಲ್ಟು ಮತ್ತು ರೇಡಿಯೇಟರ್ ಮುಚ್ಚಳ, ಇವಿಷ್ಟನ್ನೂ ಒಂದೇ ಸಲ ಬದಲಿಸಿ ಎಂಬುದು ನನ್ನ ಸ್ಪಷ್ಟ ಸಲಹೆ. ಇದನ್ನು ಪುಸ್ತಕದಿಂದ ಹೇಳುತ್ತಿಲ್ಲ. ಬಹಳ ವರ್ಷಗಳ ಹಿಂದೆ ನನ್ನ ಹಳೆಯ ವ್ಯಾನಿಗೆ ಹೊಸ ಪಂಪು ಹಾಕಿದಾಗ, ಗೇಣುದ್ದದ ಬೈಪಾಸ್ ಹೋಸ್ ನೋಡಲು ಚೆನ್ನಾಗಿಯೇ ಇದೆಯೆಂದು ಹಳೆಯದನ್ನೇ ಉಳಿಸಿದೆ. ಮೂರು ವಾರಗಳ ನಂತರ ಯಲ್ಲಾಪುರದ ಕಾಡಿನ ರಸ್ತೆಯಲ್ಲಿ ಅದು ಸೀಳಿತು. ನನ್ನನ್ನು ದಾರಿ ತಪ್ಪಿಸಿದ್ದು ಹೀಟ್ ಮೀಟರ್. ನೀರೆಲ್ಲ ಸೋರಿಹೋದ ಮೇಲೆ ಅದರ ಸೆನ್ಸರ್ ಬರಿಯ ಹಬೆಯಲ್ಲಿ ನಿಂತಿತ್ತು, ಮುಳ್ಳು ಏರುವ ಬದಲು ಇಳಿಯಿತು. ಎಂಜಿನ್ ತಣ್ಣಗಾಗುತ್ತಿದೆ ಎಂದು ನಾನು ಇನ್ನೂ ಕೆಲವು ಕಿಲೋಮೀಟರ್ ಓಡಿಸಿದೆ. ಹೆಡ್ ಬಾಗಿತು. ಏರುತ್ತಿದ್ದ ಮುಳ್ಳು ಕಾರಣವಿಲ್ಲದೆ ಇಳಿದರೆ ಅಂದಿನಿಂದ ನಾನು ತಕ್ಷಣ ಗಾಡಿ ನಿಲ್ಲಿಸುತ್ತೇನೆ, ನೀವೂ ನಿಲ್ಲಿಸಿ.

ಹಳೆಯ ಪಂಪು ಕೈಗೆ ಬಂದಾಗ ಅದನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ, ತಿರುಗಿಸಿ ನೋಡಿ. ಅಡಿಭಾಗದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಸೋತಾಗ ನೀರು ಬೇರಿಂಗಿಗೆ ನುಗ್ಗದೆ ಹೊರಬರಲೆಂದು ಮಾಡಿದ್ದು ಅದು. ತೂತಿನ ಕೆಳಗೆ ಒಣಗಿದ ಬಿಳಿಯ ಅಥವಾ ಕಂದು ಬಣ್ಣದ ಗೆರೆ ಕಂಡರೆ ಸೀಲ್ ಬಹಳ ದಿನಗಳಿಂದ ಸೋರುತ್ತಿತ್ತು ಎಂದು ತಿಳಿಯಿರಿ. ಬೋರಿನ ನೀರು ಕುಡಿದ ಪಂಪಿನ ರೆಕ್ಕೆಗಳ ಅಂಚು ಗೆದ್ದಲು ತಿಂದ ಹಲಗೆಯಂತೆ ಸವೆದಿರುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ಅಂತಹ ಪಂಪು ತಿರುಗುತ್ತದೆ, ಸದ್ದು ಮಾಡುವುದಿಲ್ಲ, ಸೋರುವುದೂ ಇಲ್ಲ, ಆದರೆ ನೀರನ್ನು ತಳ್ಳುವ ಶಕ್ತಿ ಅದರಲ್ಲಿ ಉಳಿದಿರುವುದಿಲ್ಲ. ಹೊಸ ಪಂಪು ಕೂಡಿಸುವಾಗ ಹಳೆಯ ಗ್ಯಾಸ್ಕೆಟಿನ ಚೂರುಗಳನ್ನು ಪೂರ್ತಿ ಕೆರೆದು ತೆಗೆಯಬೇಕು. ಸಿಲಿಕಾನ್ ಪೇಸ್ಟ್ ಬೇಕಾದರೆ ತೆಳುವಾಗಿ ಸವರಿದರೆ ಸಾಕು, ಏಕೆಂದರೆ ಒಳಕ್ಕೆ ಒತ್ತಿಕೊಂಡ ಪೇಸ್ಟ್ ಮುಂದೆ ಕಿತ್ತು ಬಂದು ರೇಡಿಯೇಟರಿನ ಕೊಳವೆಯ ಬಾಯಿಯಲ್ಲಿ ಕೂರುತ್ತದೆ.

ಕೆಳಗಿನ ಹೋಸಿನ ಬಗ್ಗೆ ಒಂದು ಮಾತು. ಅದು ಪಂಪಿನ ಎಳೆತಕ್ಕೆ ಸಿಕ್ಕಿರುವ ಪೈಪು. ಮೆತ್ತಗಾದ ಹೋಸ್ ಎಂಜಿನ್ ಜೋರಾಗಿ ತಿರುಗುವಾಗ ಒಳಕ್ಕೆ ಚಪ್ಪಟೆಯಾಗಿ ನೀರಿನ ದಾರಿಯನ್ನೇ ಮುಚ್ಚುತ್ತದೆ, ಗಾಡಿ ನಿಲ್ಲಿಸಿ ಬಾನೆಟ್ ಎತ್ತುವ ಹೊತ್ತಿಗೆ ಮತ್ತೆ ಗುಂಡಗಾಗಿರುತ್ತದೆ. ಘಾಟಿನಲ್ಲಿ ಮಾತ್ರ ಕುದಿಯುವ ಗಾಡಿಗಳಲ್ಲಿ ಇದನ್ನು ಮರೆಯದೆ ಪರೀಕ್ಷಿಸಬೇಕು. ಹಳೆಯದರೊಳಗೆ ಸುರುಳಿ ತಂತಿ ಇದ್ದರೆ ಹೊಸದರೊಳಗೂ ಇರಬೇಕು.

ರೇಡಿಯೇಟರನ್ನು ಕೊನೆಗೆ ಇಟ್ಟುಕೊಳ್ಳಿ. ಮೇಲೆ ಹೇಳಿದ ಕೆಲಸಗಳ ಜೊತೆಗೆ ಎಂಜಿನ್ ಬ್ಲಾಕಿನ ಡ್ರೈನ್ ಬೋಲ್ಟ್ ಬಿಚ್ಚಿ ಕೆಸರು ಇಳಿಸಿ, ಸುಣ್ಣ ಕರಗಿಸಿ ತೊಳೆಯಿರಿ. ನಿಮ್ಮ ಎಂಜಿನ್ನಿನ ಬ್ಲಾಕ್ ಮತ್ತು ಹೆಡ್ ಎರಡೂ ಎರಕದ ಕಬ್ಬಿಣದವಾದ್ದರಿಂದ ಸಿಟ್ರಿಕ್ ಆಮ್ಲ, ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ನಡೆಯುತ್ತದೆ: ಲೀಟರಿಗೆ ಸುಮಾರು 100 ಗ್ರಾಂ ಕರಗಿಸಿ ತುಂಬಿ, ಅರ್ಧ ಗಂಟೆ ಬಿಸಿಯಲ್ಲಿ ಓಡಿಸಿ, ಇಳಿಸಿ, ಶುದ್ಧ ನೀರಿನಿಂದ ಕನಿಷ್ಠ ಮೂರು ನಾಲ್ಕು ಸಲ ತೊಳೆಯಬೇಕು. ರೇಡಿಯೇಟರ್ ಅಲ್ಯೂಮಿನಿಯಮ್ ಆಗಿದ್ದರೆ ಇದನ್ನು ಬಳಸದೆ, ಅದಕ್ಕೆಂದೇ ಮಾರುವ ಕ್ಲೀನರ್ ತನ್ನಿ. ಈ ತೊಳೆತವನ್ನು ಹಳೆಯ ಪಂಪು, ಹಳೆಯ ಹೋಸ್ ಇರುವಾಗಲೇ ಮುಗಿಸಿ, ಹೊಸವನ್ನು ಆಮೇಲೆ ಕೂಡಿಸಿ. ಸುಣ್ಣವೇ ಮುಚ್ಚಿಟ್ಟಿದ್ದ ತೂತುಗಳು ತೊಳೆದ ಮೇಲೆ ಸೋರಲು ಆರಂಭಿಸಬಹುದು, ಅದಕ್ಕೆ ಮನಸ್ಸು ಸಿದ್ಧವಿರಲಿ. ಇಷ್ಟಾಗಿಯೂ ಘಾಟಿನಲ್ಲಿ ಮುಳ್ಳು ಏರಿದರೆ ಆಗ ರೇಡಿಯೇಟರಿಗೆ ಹಣ ಹಾಕಿ.

ಪ್ರಶ್ನೆ: ಅಂಗಡಿಯಲ್ಲಿ ಹಸಿರು, ಕೆಂಪು, ನೀಲಿ ಬಣ್ಣದ ಕೂಲಂಟ್ ತೋರಿಸುತ್ತಾರೆ. ನಮ್ಮ ಹಳೆಯ ಡೀಸೆಲ್ ವ್ಯಾನಿಗೆ ಯಾವುದು ಸರಿ? ಮನೆಯ ಆರ್‌ಓ ನೀರು ಬೆರೆಸಬಹುದೇ? ಇಲ್ಲಿ ಚಳಿಗೆ ನೀರು ಹೆಪ್ಪುಗಟ್ಟುವುದಿಲ್ಲವಲ್ಲ, ಕೂಲಂಟ್ ಏಕೆ ಬೇಕು?
— ಓದುಗರು, ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ಕೊನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ. ಹೆಪ್ಪುಗಟ್ಟದಂತೆ ತಡೆಯುವುದು ಕೂಲಂಟಿನ ಒಂದು ಗುಣ ಮಾತ್ರ, ನಮಗೆ ಬೇಕಾದದ್ದು ಉಳಿದವು. ಅದರಲ್ಲಿನ ರಾಸಾಯನಿಕಗಳು ತುಕ್ಕನ್ನು ತಡೆಯುತ್ತವೆ, ಪಂಪಿನ ಸೀಲ್ ಮತ್ತು ರೆಕ್ಕೆಗಳನ್ನು ಕಾಯುತ್ತವೆ, ಅರ್ಧಕ್ಕರ್ಧ ಬೆರೆಸಿದಾಗ ಕುದಿಯುವ ಬಿಂದುವನ್ನು ಹಲವು ಡಿಗ್ರಿ ಮೇಲಕ್ಕೆ ಒಯ್ಯುತ್ತವೆ. ಬಣ್ಣವನ್ನು ನಂಬಬೇಡಿ. ಯಾವ ಬಣ್ಣಕ್ಕೆ ಯಾವ ರಾಸಾಯನಿಕ ಎಂಬ ಸರ್ವಸಮ್ಮತ ನಿಯಮವೇ ಇಲ್ಲ, ಪ್ರತಿಯೊಬ್ಬ ತಯಾರಕರೂ ತಮಗೆ ಬೇಕಾದ ಬಣ್ಣ ಬೆರೆಸುತ್ತಾರೆ. ಗಾಡಿಯ ಪುಸ್ತಕದಲ್ಲಿ ಹೇಳಿದ ದರ್ಜೆಯ ಕೂಲಂಟ್ ಕೊಂಡು, ಮುಂದೆಯೂ ಅದನ್ನೇ ಹಾಕಿ. ಬೇರೆ ಬೇರೆ ಜಾತಿಯವನ್ನು ಬೆರೆಸಿದರೆ ತುಕ್ಕು ತಡೆಯುವ ಶಕ್ತಿ ಕುಂದುತ್ತದೆ, ಕೆಲವೊಮ್ಮೆ ಗಂಜಿಯಂತೆ ಗಟ್ಟಿಯಾಗುವುದೂ ಉಂಟು.

ಡಬ್ಬಿಯ ಮೇಲೆ ನೇರವಾಗಿ ಬಳಸುವಂಥದ್ದು ಎಂದಿದ್ದರೆ ನೀರು ಬೆರೆಸಲೇಬಾರದು. ಗಟ್ಟಿ ಕೂಲಂಟ್ ಆಗಿದ್ದರೆ ಸಮಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ. ಬ್ಯಾಟರಿ ಅಂಗಡಿಗಳಲ್ಲಿ ಅದು ಸಿಗುತ್ತದೆ, ಆದರೆ ಅದೇ ಕಪಾಟಿನಲ್ಲಿ ಅಂಥದ್ದೇ ಡಬ್ಬಿಯಲ್ಲಿ ಬ್ಯಾಟರಿ ಆ್ಯಸಿಡ್ ಕೂಡ ಇರುತ್ತದೆ, ಹೆಸರನ್ನು ಎರಡು ಸಲ ಓದಿ ತನ್ನಿ. ಆರ್‌ಓ ನೀರು ಬೋರಿನ ನೀರಿಗಿಂತ ಎಷ್ಟೋ ವಾಸಿ, ಡಿಸ್ಟಿಲ್ಡ್ ನೀರಿನಷ್ಟು ಶುದ್ಧವಲ್ಲ. ದಾರಿಯಲ್ಲಿ ತುರ್ತಿಗೆ ನಡೆದೀತು. ಇನ್ನೊಂದು ತಪ್ಪು ಎಲ್ಲೆಡೆ ಆಗುತ್ತದೆ. ತೊಳೆದ ಮೇಲೆ ಎಂಜಿನ್ನಿನ ಒಳಗೆ ಒಂದಿಷ್ಟು ನೀರು ಉಳಿದೇ ಇರುತ್ತದೆ, ಅದರ ಮೇಲೆ ಅರ್ಧಕ್ಕರ್ಧ ಬೆರೆಸಿದ್ದನ್ನು ಸುರಿದರೆ ಮಿಶ್ರಣ ತೆಳುವಾಗುತ್ತದೆ. ಪುಸ್ತಕದಲ್ಲಿ ಹೇಳಿದ ಒಟ್ಟು ಅಳತೆಯ ಅರ್ಧದಷ್ಟು ಗಟ್ಟಿ ಕೂಲಂಟನ್ನು ಮೊದಲು ಹಾಕಿ, ಉಳಿದ ಜಾಗವನ್ನು ಡಿಸ್ಟಿಲ್ಡ್ ನೀರಿನಿಂದ ತುಂಬಿದರೆ ಲೆಕ್ಕ ಸರಿಹೋಗುತ್ತದೆ.

ಇಳಿಸಿದ ಹಳೆಯ ಕೂಲಂಟನ್ನು ಗಟಾರಕ್ಕೋ ಹಿತ್ತಲಿಗೋ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ ಮತ್ತು ವಿಷ. ನಾಯಿ, ಕರುಗಳು ನೆಕ್ಕಿದರೆ ಮೂತ್ರಪಿಂಡ ಹಾಳಾಗಿ ಸಾಯುತ್ತವೆ. ಬಕೆಟ್ಟನ್ನು ಅಂಗಳದಲ್ಲಿ ತೆರೆದಿಟ್ಟು ಒಳಗೆ ಚಹಾಕ್ಕೆ ಹೋಗುವುದೂ ಬೇಡ.

ಪ್ರಶ್ನೆ: ರೇಡಿಯೇಟರ್ ಸಣ್ಣಗೆ ಸೋರುತ್ತಿದೆ. ಅರಿಶಿನ ಪುಡಿ ಹಾಕಿದರೆ ನಿಲ್ಲುತ್ತದೆ ಎಂದು ಲಾರಿ ಚಾಲಕರೊಬ್ಬರು ಹೇಳಿದರು. ಹಾಕಲೇ, ಬೆಸುಗೆ ಹಾಕಿಸಲೇ, ಹೊಸದು ಕೊಳ್ಳಲೇ?
— ಓದುಗರು, ಹಳೇ ಹುಬ್ಬಳ್ಳಿ

ಉತ್ತರ: ಅರಿಶಿನದಿಂದ ಸೋರಿಕೆ ನಿಲ್ಲುವುದು ನಿಜ. ಆದರೆ ಸೋರುವ ತೂತು ಯಾವುದು, ನೀರು ಹರಿಯಬೇಕಾದ ಕೊಳವೆ ಯಾವುದು ಎಂಬ ಭೇದ ಅರಿಶಿನಕ್ಕೆ ಗೊತ್ತಿಲ್ಲ. ಕಾಡಿನ ನಡುವೆ ಸಿಕ್ಕಿಕೊಂಡಾಗ ಊರು ಮುಟ್ಟಲು ಹಾಕಿದರೆ ತಪ್ಪೆನ್ನಲಾರೆ, ಊರು ಮುಟ್ಟಿದ ಮೇಲೆ ಪೂರ್ತಿ ತೊಳೆಯಬೇಕು. ನಿಮ್ಮದು ಹಿತ್ತಾಳೆ-ತಾಮ್ರದ ಹಳೆಯ ರೇಡಿಯೇಟರ್ ಆಗಿದ್ದರೆ ಅದೃಷ್ಟವಂತರು: ಮೇಲಿನ ಕೆಳಗಿನ ತೊಟ್ಟಿಗಳನ್ನು ಬಿಡಿಸಿ, ಕೊಳವೆಗಳಲ್ಲಿ ಕಂಬಿ ಆಡಿಸಿ, ಬೆಸುಗೆ ಹಾಕಿ ಮರಳಿ ಕೂಡಿಸಬಹುದು. ಹೀಗೆ ಕೈಯಾರೆ ಮಾಡುವ ಕುಶಲಿಗಳು ನಮ್ಮಲ್ಲಿ ಇನ್ನೂ ಇದ್ದಾರೆ, ಅವರಿಗೆ ಕೆಲಸ ಕೊಡಿ. ಅಲ್ಯೂಮಿನಿಯಮ್ ಕೊಳವೆಗೆ ಪ್ಲಾಸ್ಟಿಕ್ ತೊಟ್ಟಿ ಮಡಚಿ ಕೂಡಿಸಿದ್ದಾದರೆ ಬೆಸುಗೆ ಹಿಡಿಯುವುದಿಲ್ಲ, ಅಂಟು ಹಾಕಿದ್ದು ಒತ್ತಡಕ್ಕೆ ನಿಲ್ಲುವುದಿಲ್ಲ. ಹೊಸದೇ ಬೇಕು.

ಪ್ರಶ್ನೆ: ತಂದೆಯವರ ಕಾಲದ ವ್ಯಾನಿನಲ್ಲಿ ಎಂಜಿನ್ ಸೀಟಿನ ಕೆಳಗಿದೆ, ರೇಡಿಯೇಟರಿನವರೆಗೆ ಉದ್ದದ ಪೈಪುಗಳಿವೆ. ಹೋಸ್ ಪೈಪುಗಳನ್ನು ನಾನೇ ಬದಲಿಸಿ ಕೂಲಂಟ್ ತುಂಬಿದೆ. ಈಗ ಒಮ್ಮೊಮ್ಮೆ ಮುಳ್ಳು ಥಟ್ಟನೆ ಏರಿ ಮತ್ತೆ ಇಳಿಯುತ್ತದೆ. ಹೋಸ್ ಕೂಡಿಸುವುದರಲ್ಲಿ ತಪ್ಪಾಗಿದೆಯೇ?
— ಓದುಗರು, ಧಾರವಾಡ

ಉತ್ತರ: ತಂಗಿ, ಹೋಸ್ ಕೂಡಿಸುವುದರಲ್ಲಿ ತಪ್ಪಾಗಿದ್ದರೆ ಸೋರುತ್ತಿತ್ತು. ನೀವು ಹೇಳುವ ಲಕ್ಷಣ ಒಳಗೆ ಗಾಳಿ ಸಿಕ್ಕಿಕೊಂಡದ್ದರದು. ಉದ್ದ ಪೈಪುಗಳಿರುವ ಗಾಡಿಯಲ್ಲಿ ಮುಚ್ಚಳದ ಬಾಯಿಗಿಂತ ಎತ್ತರದ ತಿರುವು ಎಲ್ಲಾದರೂ ಇದ್ದರೆ ಗಾಳಿ ಅಲ್ಲಿ ಹೋಗಿ ಕೂರುತ್ತದೆ, ಗುಳ್ಳೆ ಸೆನ್ಸರಿನ ಮುಂದೆ ಹಾದಾಗ ಮುಳ್ಳು ಜಿಗಿಯುತ್ತದೆ.

ಗಾಡಿಯನ್ನು ರೇಡಿಯೇಟರ್ ಬಾಯಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗಳಿಗೆ ಕಲ್ಲು ಕೊಡಿ. ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು ಚಾಲೂ ಮಾಡಿ, ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ. ಗಾಳಿ ಬಿಡುವ ಸಣ್ಣ ಸ್ಕ್ರೂ ಥರ್ಮೋಸ್ಟಾಟಿನ ಮನೆಯ ಬಳಿ ಇದ್ದರೆ, ಗುಳ್ಳೆ ನಿಂತು ಬರಿಯ ಕೂಲಂಟ್ ಬರುವವರೆಗೆ ಅದನ್ನು ಸಡಿಲಿಸಿ. ಸ್ಕ್ರೂ ಇಲ್ಲದಿದ್ದರೆ ಉದ್ದ ಪೈಪುಗಳನ್ನು ಕೈಯಿಂದ ಮೆಲ್ಲಗೆ ಒತ್ತಿ ಬಿಡುತ್ತ ಹೋಗಿ, ಗುಳುಗುಳು ಸದ್ದಿನೊಂದಿಗೆ ಗಾಳಿ ಮೇಲೆ ಬರುತ್ತದೆ, ಮಟ್ಟ ಇಳಿಯುತ್ತದೆ, ಇಳಿದಷ್ಟನ್ನು ತುಂಬಿ. ಎರಡೂ ಹೋಸ್‌ಗಳು ಬೆಚ್ಚಗಾದರೆ ಥರ್ಮೋಸ್ಟಾಟ್ ತೆರೆದಿದೆ ಎಂದು ತಿಳಿದು ಮುಚ್ಚಳ ಹಾಕಿ.

ಮುಚ್ಚಳದ ವಿಷಯದಲ್ಲಿ ಒಂದು ವಿನಂತಿ. 1 ಬಾರ್ ಎಂದು ಅಚ್ಚೊತ್ತಿದ ಮುಚ್ಚಳದ ಕೆಳಗೆ ನೀರು 120 ಡಿಗ್ರಿಯ ಆಸುಪಾಸಿನವರೆಗೂ ಕುದಿಯದೆ ಸುಮ್ಮನಿರುತ್ತದೆ, ಮುಚ್ಚಳ ತಿರುವಿದ ಕ್ಷಣದಲ್ಲಿ ಒತ್ತಡ ಬಿಟ್ಟು ಹಬೆಯಾಗಿ ಮುಖಕ್ಕೆ ಹೊಡೆಯುತ್ತದೆ. ಒದ್ದೆ ಬಟ್ಟೆ ಹಿಡಿದರೆ ಸಾಕೆಂಬ ಮಾತನ್ನು ಕೇಳಬೇಡಿ; ಅದನ್ನು ಕೇಳಿದ ಗುರುತು ನನ್ನ ಬಲ ಮುಂಗೈಯ ಮೇಲೆ ಇಂದಿಗೂ ಇದೆ. ಮೇಲಿನ ಹೋಸನ್ನು ಕೈಯಿಂದ ಹಿಡಿದಾಗ ತಣ್ಣಗೂ ಮೆತ್ತಗೂ ಇದ್ದರೆ ಮಾತ್ರ ತೆಗೆಯಿರಿ.

ಒಮ್ಮೆ ಹೆಬಸೂರಿನವರೆಗೋ ಕಲಘಟಗಿಯವರೆಗೋ ಓಡಿಸಿಕೊಂಡು ಬಂದು, ರಾತ್ರಿಯಿಡೀ ತಣಿಯಲು ಬಿಟ್ಟು, ಬೆಳಿಗ್ಗೆ ಮಟ್ಟ ನೋಡಿ. ಲೋಟದಷ್ಟು ಇಳಿದಿದ್ದರೆ ಗಾಳಿ ಹೊರಬಿದ್ದ ಜಾಗಕ್ಕೆ ಅದು ಹೋಗಿದೆ, ತುಂಬಿ. ಎರಡನೆಯ ಬೆಳಿಗ್ಗೆಯೂ ಅಷ್ಟೇ ಇಳಿದಿದ್ದರೆ ಎಲ್ಲಿಯೋ ಸೋರುತ್ತಿದೆ: ಗಾಡಿಯ ಕೆಳಗೆ ಹಳೆಯ ದಿನಪತ್ರಿಕೆ ಹಾಸಿ, ಹೊಸ ಕ್ಲಿಪ್ಪುಗಳ ಕೆಳಗೆ ಬಣ್ಣದ ಕಲೆ ಎಲ್ಲಿ ಬಿದ್ದಿದೆ ಎಂದು ಹುಡುಕಿ, ಆ ಕ್ಲಿಪ್ಪನ್ನು ಅರ್ಧ ಸುತ್ತು ಬಿಗಿ ಮಾಡಿ.